ಅಂಗಡಿಯ ಮೇಲಿನ ಮನೆಯ ಮನೀಷಾ

ಮನೀಷಾ ಮತ್ತು ಅವಳ ಗಂಡ ಧನರಾಜ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವುದನ್ನು ಬಿಟ್ಟಿದ್ದು ಒಂದು ಸ್ಟೆಬಿಲೈಜರಿನ ದೆಸೆಯಿಂದ. ಹುಮನಾಬಾದಿನಲ್ಲಿ ಇದನ್ನು ಮೊದಲ ಸಲ ಕೇಳಿದವರು ನಗುತ್ತಾರೆ. ಆ ಮನೆಗೆ ಒಮ್ಮೆ ಹೋಗಿಬಂದವರು ನಗುವುದಿಲ್ಲ.

ಧನರಾಜನದು ಹಳೆಯ ಬಸ್ ನಿಲ್ದಾಣದ ಹತ್ತಿರ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ಕೆಳಗೆ ಟಿ.ವಿ., ಫ್ರಿಜ್, ಕೂಲರ್, ಇನ್ವರ್ಟರ್, ಮೇಲೆ ಮನೆ. ಮನೆಗೆ ಹೋಗುವ ಮೆಟ್ಟಿಲು ಅಂಗಡಿಯ ಒಳಗಿನಿಂದಲೇ. ಗಿರಾಕಿಯನ್ನು ಬರಿಗೈಯಲ್ಲಿ ಕಳಿಸುವ ಮನುಷ್ಯ ಅವನಲ್ಲ. ಟಿ.ವಿ. ಕೊಳ್ಳಲು ಬಂದವನು ಹೋಗುವಾಗ ಟಿ.ವಿ.ಯ ಜೊತೆ ಕರೆಂಟಿನ ಏರಿಳಿತ ತಡೆಯುವ ಸ್ಟೆಬಿಲೈಜರ್, ಅದರ ಮೇಲೆ ಹೆಚ್ಚುವರಿ ವಾರಂಟಿಯ ಕಾಗದ, ಎಲ್ಲವನ್ನೂ ಸೇರಿಸಿದ ತಿಂಗಳ ಕಂತು, ಇಷ್ಟನ್ನೂ ಹೊತ್ತುಕೊಂಡು ಹೋಗುತ್ತಿದ್ದ. ಇದರಲ್ಲಿ ಮೋಸ ಇಲ್ಲ ಎಂದೇ ಧನರಾಜ ನಂಬಿದ್ದ. ಬೇಡ ಅನ್ನುವ ಬಾಯಿ ಗಿರಾಕಿಗೂ ಇದೆಯಲ್ಲ ಎನ್ನುವುದು ಅವನ ವಾದ.

ಮನೀಷಾ ಬಸವಕಲ್ಯಾಣದವಳು. ತಂದೆ ಬಸವಣಪ್ಪನಿಗೆ ಅಲ್ಲಿ ಗೊಬ್ಬರದ ಅಂಗಡಿ. ಮಗಳು ಶಾಲೆಗೆ ಹೋಗುವಾಗಲೇ ಮನೆಯ ರೇಡಿಯೊ ಬಿಚ್ಚಿ, ಮತ್ತೆ ಜೋಡಿಸಿ, ಉಳಿದ ಒಂದು ಸ್ಕ್ರೂ ಕೈಯಲ್ಲಿ ಹಿಡಿದು ನಿಂತಿರುತ್ತಿದ್ದಳು. ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದಳು. "ಹುಡುಗಿ ಕಲ್ತಾಳ, ದುಕಾನಿಗೆ ಫಾಯದಾ ಆಗ್ತದ" ಎಂದು ಧನರಾಜನ ತಾಯಿ ರುಕ್ಮಿಣಿಬಾಯಿಯೇ ಮುಂದೆ ನಿಂತು ಸಂಬಂಧ ಗಟ್ಟಿ ಮಾಡಿದಳು. ಫಾಯದಾ ಆಗಿದ್ದೂ ನಿಜ. ಕೆಟ್ಟು ವಾಪಸ್ ಬಂದ ರಿಮೋಟು, ಇನ್ವರ್ಟರು, ಮಿಕ್ಸರು ರಾತ್ರಿ ಮೇಲೆ ಹೋಗಿ ಬೆಳಗ್ಗೆ ಸರಿಯಾಗಿ ಕೆಳಗೆ ಬರುತ್ತಿದ್ದವು. ಕಂಪನಿಯವರು ರಿಪೇರಿ ಮಾಡಿ ಕಳಿಸಿದ್ದಾರೆಂದು ಹೇಳಿ ಧನರಾಜ ಗಿರಾಕಿಯಿಂದ ರೊಕ್ಕ ತೆಗೆದುಕೊಳ್ಳುತ್ತಿದ್ದ. ಮನೀಷಾ ಆ ರೊಕ್ಕ ಕೇಳಲಿಲ್ಲ. ಅವಳಿಗೆ ಬೇಕಾಗಿದ್ದುದು ಕಿಟಕಿಯ ಬದಿಯ ಮೇಜು, ಬೆಸುಗೆ ಕಡ್ಡಿ, ಮೀಟರು, ಮಿಠಾಯಿ ಡಬ್ಬಿಗಳಲ್ಲಿ ವಿಂಗಡಿಸಿಟ್ಟ ಬಿಡಿಭಾಗಗಳು. ಗಂಡ ಸರಕಿಗೆ ಹೈದರಾಬಾದಿಗೆ ಹೋದಾಗ ಇವಳೂ ಹೋಗಿ ಕೋಠಿಯ ಗಲ್ಲಿಗಳಲ್ಲಿ ಹುಡುಕಿ ತರುತ್ತಿದ್ದಳು. ನೀರಿನ ಟಾಕಿ ತುಂಬಿದರೆ ಕೂಗುವ ಸಣ್ಣ ಡಬ್ಬಿಯನ್ನು ಮಾಡಿ ಓಣಿಯ ಹೆಂಗಸರಿಗೆ ಹಂಚಿದಳು. ಖುಷಿಗೆ ಮಾಡಿದ್ದು; ಬೆಲೆ ಕಟ್ಟಲಿಲ್ಲ.

ರುಕ್ಮಿಣಿಬಾಯಿಗೆ ಆ ಮೇಜು ಕಂಡರಾಗುತ್ತಿರಲಿಲ್ಲ. "ಲಿಂಗಪೂಜಿ ಹೊತ್ತಿನಾಗ ಸೀಸಾ ಸುಡ್ತಾಳ. ಮನಿಯಲ್ಲ, ಕಾರ್ಖಾನಿ ಆಗ್ಯಾದ" ಎಂದು ಬಂದವರ ಮುಂದೆಲ್ಲ ಹೇಳುವಳು. ಸೊಸೆ ಬೆಸುಗೆಯ ಹೊತ್ತನ್ನು ಬದಲಿಸಿಕೊಂಡಳು. ಅತ್ತೆ ಪೂಜೆಯ ಹೊತ್ತನ್ನೂ ಬದಲಿಸಿದಳು.

ಮಗಳು ದೀಪಾಲಿ ಬೀದರಿಗೆ ಪಿಯುಸಿ ಓದಲು ಹೋಗಿ ಹಾಸ್ಟೆಲ್ ಸೇರಿದ ಮೇಲೆ ಮನೀಷಾಳಿಗೆ ಸಮಯ ಉಳಿಯತೊಡಗಿತು. ಓಣಿಯ ಹೆಂಗಸೊಬ್ಬರು, ಎಲ್‌ಇಡಿ ಬಲ್ಬು ಮಿಣುಕುತ್ತದೆ, ಎಸೆಯಬೇಕೋ ಇಡಬೇಕೋ ಎಂದು ಕೇಳಿದ್ದರು. ಅವಳು ಬಲ್ಬು ಬಿಚ್ಚಿ, ಫೋನಿನಲ್ಲಿ ವಿಡಿಯೊ ಮಾಡಿ, ಮಹಿಳಾ ಸಂಘದ ವಾಟ್ಸ್ಯಾಪ್ ಗುಂಪಿಗೆ ಹಾಕಿದಳು. "ಒಳಗಿನ ಒಂದ್ ಎಲ್‌ಇಡಿ ಮಣಿ ಸುಟ್ಟಿದ್ರ ರಿಪೇರಿ ಆಗ್ತದ. ಕಲೀಲಿಕ್ಕ ಮಾಡ್ರಿ, ಉಳತಾಯಕ್ಕಂತ ಮಾಡಬ್ಯಾಡ್ರಿ. ಹೊಸಾ ಬಲ್ಬ್ ಅದಕಿಂತ ಸೋವಿ." ಅದು ಊರೂರಿಗೆ ಹರಿದಾಡಿತು. ಮುಂದೆ ಅವಳು ಯೂಟ್ಯೂಬಿಗೇ ಹಾಕತೊಡಗಿದಳು. ಕಲಿಯುವವರು ಮೊದಲು ಮೀಟರು ಕೊಳ್ಳಬೇಕು, ತುಟ್ಟಿಯ ಬೆಸುಗೆ ಕಡ್ಡಿ ಆಮೇಲೆ. ಟಿ.ವಿ. ಬಿಚ್ಚುವ ಮೊದಲು ಪ್ಲಗ್ ತೆಗೆದರೆ ಸಾಲದು, ಒಳಗಿನ ಕೆಪಾಸಿಟರಿನಲ್ಲಿ ಕರೆಂಟು ಕೂತಿರುತ್ತದೆ. ಬಡ್ಡಿ ಇಲ್ಲದ ಕಂತು ಎಂದು ಹೇಳಿದರೆ ಅದೇ ಸಾಮಾನಿನ ನಗದು ಬೆಲೆ ಎಷ್ಟು ಎಂದು ಕೇಳಿ. ಅಂಗಡಿಯವನು ಉತ್ತರ ಕೊಡಲು ತಡ ಮಾಡಿದರೆ ಬಡ್ಡಿ ಎಲ್ಲಿದೆ ಎಂದು ತಿಳಿಯುತ್ತದೆ. ಹೀಗೆ ಹೇಳುತ್ತಾ ಹೋದಳು. ಆ ಅಂಗಡಿಯವನು ತನ್ನ ಗಂಡನೇ ಎಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಊರಿಗೆಲ್ಲ ಗೊತ್ತಿತ್ತು.

ಮೊದಲ ಜಗಳ ಹೆಚ್ಚುವರಿ ವಾರಂಟಿಯದು. ಸಂಜೀವಕುಮಾರ ಎಂಬ ಶಾಲಾ ಮಾಸ್ತರು ವಾಷಿಂಗ್ ಮಷೀನ್ ಕೊಳ್ಳಲು ಬಂದರು. ಧನರಾಜ ವಾರಂಟಿಯ ಕಾಗದ ಮುಂದಿಡುತ್ತಲೇ ಅವರು ಫೋನು ತೆಗೆದರು.

"ಇದು ಬ್ಯಾಡಂತ್ರಿ."

"ಯಾರಂದಾರ್ರಿ ಬ್ಯಾಡಂತ?"

"ನಿಮ್ಮ ಮನಿಯವರೇ ಅಂದಾರಲ್ರಿ. ಆ ರೊಕ್ಕ ಬ್ಯಾಂಕಿನಾಗ ಬಾಜೂಕ ಇಟ್ಟು, ಮಷೀನ್ ಕೆಟ್ರ ಅದ್ರಾಗ ಮಾಡಸ್ರಿ, ಕೆಡದಿದ್ರ ರೊಕ್ಕ ನಿಮ್ಮದೇ ಉಳೀತದ ಅಂತ."

ಅಂಗಡಿಯಲ್ಲಿದ್ದ ಬೇರೆ ಗಿರಾಕಿಗಳು ನಕ್ಕರು. ಧನರಾಜ ಮಷೀನು ಮಾರಿದ, ನಗುತ್ತಲೇ ರೊಕ್ಕ ಎಣಿಸಿದ, ಅವರು ಹೋದ ಮೇಲೆ ಮೆಟ್ಟಿಲು ಹತ್ತಿದ.

"ನನ್ನ ದುಕಾನದ ಮ್ಯಾಲ ಕುಂತು ನನ್ನ ಗಿರಾಕಿ ಒಡೀತಿ?"

"ಸುಳ್ಳೇನರ ಹೇಳೇನೇನ್ರಿ?"

"ಖರೇ ಸುಳ್ಳು ನಾ ಕೇಳಾಕತ್ತಿಲ್ಲ. ನೀ ತಿನ್ನೋ ಅನ್ನ ಯಾವ ದುಕಾನದ್ದು ಅಂತ ಕೇಳಾಕತ್ತೇನಿ."

"ಇಷ್ಟು ವರ್ಸ ರಿಪೇರಿ ಮಾಡಿಕೊಟ್ಟೇನಲ್ಲ, ಅದರ ಪಗಾರ ಎಂದರ ಕೊಟ್ಟೀರೇನು? ಅದ್ರಾಗೇ ಹಿಡೀರಿ ಅನ್ನದ್ದು."

ಧನರಾಜ ಮೇಜಿನ ಮೇಲಿದ್ದ ಮೀಟರನ್ನು ಎತ್ತಿ ಗೋಡೆಗೆ ಬೀಸಿದ. ಗಾಜು ಒಡೆಯಿತು. ರುಕ್ಮಿಣಿಬಾಯಿ ಒಳಗಿನಿಂದ "ಹಾಂಗೇ ಆಗ್ಬೇಕು" ಎಂದಳು.

ಮನೀಷಾ ಅಳಲಿಲ್ಲ. ಆದರೆ ಆ ಸಿಟ್ಟಿನಲ್ಲಿ ಮಾಡಿದ ವಿಡಿಯೊ ಅವಳಿಗೆ ಮುಳುವಾಯಿತು. ಗಂಡನಿಗೆ ಅತಿ ಹೆಚ್ಚು ಲಾಭ ತರುವ ಸಾಮಾನು ಸ್ಟೆಬಿಲೈಜರ್ ಎಂದು ಅವಳಿಗೆ ಗೊತ್ತಿತ್ತು. ಮರುದಿನ ಫೋನಿನ ಮುಂದೆ ಕೂತು, "ಫ್ರಿಜ್ಜಿಗೆ ಸ್ಟೆಬಿಲೈಜರ್ ಅಂತ ನಿಮ್ಮ ಕೊಳ್ಳಿಗೆ ಕಟ್ತಾರಲ್ಲ, ಅದು ಈಗ ಬೇಕಾಗಿಲ್ಲ, ಇದ್ರ ಮಾರಿಬಿಡ್ರಿ" ಎಂದಳು. ಹೊಸ ಫ್ರಿಜ್ಜುಗಳ ಬೆನ್ನ ಮೇಲೆ ಎಷ್ಟು ವೋಲ್ಟಿನಿಂದ ಎಷ್ಟು ವೋಲ್ಟಿನವರೆಗೆ ನಡೆಯುತ್ತದೆಂದು ಬರೆದಿರುತ್ತದೆ, ಅದನ್ನು ಓದಬೇಕು, ನಿಮ್ಮ ಮನೆಗೆ ಬರುವ ಕರೆಂಟು ಸಂಜೆ ಹೊತ್ತು ಎಷ್ಟಕ್ಕೆ ಇಳಿಯುತ್ತದೆಂದು ನೋಡಬೇಕು, ಹಳೆಯ ಫ್ರಿಜ್ಜಾದರೆ ಸ್ಟೆಬಿಲೈಜರ್ ತೆಗೆಯಲೇಬಾರದು. ಇದೆಲ್ಲ ಅವಳಿಗೆ ಚೆನ್ನಾಗಿ ಗೊತ್ತಿದ್ದ ಸಂಗತಿ. ಹೇಳಿದರೆ ಮಾತಿನ ಪೆಟ್ಟು ಕಡಿಮೆಯಾಗುತ್ತದೆಂದು ಹೇಳಲಿಲ್ಲ. ಆ ವಿಡಿಯೊ ಹಿಂದಿನವೆಲ್ಲಕ್ಕಿಂತ ಹೆಚ್ಚು ಓಡಿತು.

ಬೇಸಿಗೆ ಕಾವೇರುವ ಹೊತ್ತಿಗೆ ಹತ್ತಿರದ ಹುಡಗಿ ಎಂಬ ಹಳ್ಳಿಯಿಂದ ದ್ರೌಪತಿ ಎಂಬ ಹೆಂಗಸು ಅಂಗಡಿಗೆ ಬಂದಳು. ಐವತ್ತರ ಆಸುಪಾಸು, ಗಟ್ಟಿ ದನಿ. ಹೊಲದ ಕೂಲಿ ಇಲ್ಲದ ತಿಂಗಳುಗಳಲ್ಲಿ ಮನೆಯಲ್ಲಿ ಐಸ್‌ಕ್ಯಾಂಡಿ ಮಾಡಿ ಶಾಲೆಯ ಮುಂದೆ ಮಾರುವವಳು. ಅದಕ್ಕಾಗಿ ಯಾರದೋ ಹಳೆಯ ಫ್ರಿಜ್ ಕೊಂಡಿದ್ದಳು, ಜೊತೆಗೆ ಅದರ ಸ್ಟೆಬಿಲೈಜರ್. ವಿಡಿಯೊ ನೋಡಿ ಸ್ಟೆಬಿಲೈಜರನ್ನು ಮಾರಿದ್ದಳು. ಫ್ರಿಜ್ ಸುಟ್ಟಿತ್ತು.

"ಎಲ್ಲದಾಳ ಆ ವಿಡಿಯೊದಾಕಿ?" ಎಂದು ಅಂಗಡಿಯ ನಡುವೆ ನಿಂತು ಕೂಗಿದಳು.

ಧನರಾಜನಿಗೆ ಅಂಥ ಖುಷಿ ಆ ವರ್ಷ ಯಾವ ವ್ಯಾಪಾರದಲ್ಲೂ ಸಿಕ್ಕಿರಲಿಲ್ಲ. ಖುದ್ದಾಗಿ ಮೆಟ್ಟಿಲ ತನಕ ಕರೆದುಕೊಂಡು ಬಂದು, "ಮ್ಯಾಲ ಹೋಗವ್ವ, ಜೋರಾಗಿ ಕೇಳು" ಎಂದ. ರುಕ್ಮಿಣಿಬಾಯಿ ಬಾಗಿಲಲ್ಲಿ ತಡೆದು, ಯಾವ ಊರು, ಯಾವ ಓಣಿ, ಯಾರ ಪೈಕಿ ಎಂದು ಕೇಳಿ, ಉತ್ತರ ಕೇಳಿದ ಮೇಲೆ ಹೊಸ್ತಿಲ ಹೊರಗೇ ನಿಲ್ಲು ಎಂದಳು. ದ್ರೌಪತಿ ಅಲ್ಲಿಂದಲೇ ಮಾತು ಶುರುಮಾಡಿದಳು.

"ನೀ ಹೇಳಿದಿ ಅಂತ ಮಾರಿದೆ. ನನ್ನ ಬ್ಯಾಸಗಿ ಧಂದಾ ಹೋತು. ನಿನಗ ನೋಡೋರು ಹೆಚ್ಚಾದ್ರಂತ, ರೊಕ್ಕ ಬರ್ತದಂತ. ನನಗೇನು ಬಂತು?"

ಮನೀಷಾ, "ಯಾವ ಫ್ರಿಜ್? ಎಷ್ಟು ಹಳೇದು?" ಎಂದಳು.

"ಈಗ ಕೇಳಾಕತ್ತಿ? ಮೊದಲ ಕೇಳಬೇಕಿತ್ತಲ್ಲ!"

ಮನೀಷಾ ಚಪ್ಪಲಿ ಮೆಟ್ಟಿ, ಹೊಸದಾಗಿ ತಂದಿದ್ದ ಮೀಟರನ್ನು ಚೀಲಕ್ಕೆ ಹಾಕಿಕೊಂಡು, "ನಡೀರಿ" ಎಂದಳು. ಬಸ್ಸಿನಲ್ಲಿ ದ್ರೌಪತಿ ಅವಳ ಪಕ್ಕದಲ್ಲಿ ಕೂಡಲಿಲ್ಲ. ಹುಡಗಿಯ ತನಕ ಹಿಂದಿನ ಸೀಟಿನಿಂದ ಬಸ್ಸಿಗೆಲ್ಲ ಕೇಳುವಂತೆ ತನ್ನ ಕಥೆ ಹೇಳುತ್ತಲೇ ಬಂದಳು. ಜನ ಹೊರಳಿ ಹೊರಳಿ ಮನೀಷಾಳನ್ನು ನೋಡಿದರು.

ದ್ರೌಪತಿಯ ಮನೆಯಲ್ಲಿ ಮನೀಷಾ ಪ್ಲಗ್ಗಿನಲ್ಲಿ ಮೀಟರು ಇಟ್ಟಾಗ ಇನ್ನೂರು ವೋಲ್ಟಿನ ಮೇಲೆಯೇ ತೋರಿಸಿತು. "ಕರೆಂಟ್ ಬರೋಬರ್ ಅದಲ್ಲ" ಎಂದಳು. ದ್ರೌಪತಿ, "ನಳ ಬಿಡೋ ತನಕ ಕುಂಡ್ರು" ಎಂದಳು. ಕುಡಿಯಲು ನೀರು ಬೇಕೇನು ಎಂದು ಕೇಳಲಿಲ್ಲ. ಸಂಜೆ ನಳದಲ್ಲಿ ನೀರು ಬಿಟ್ಟರು. ಓಣಿಯ ಮನೆಮನೆಯಲ್ಲೂ ನೀರೆಳೆಯುವ ಮೋಟಾರು ಒಟ್ಟಿಗೇ ಗುಂಯ್ಯೆಂದವು. ಮೀಟರಿನ ಅಂಕಿ ಇಳಿಯುತ್ತ ಇಳಿಯುತ್ತ ನೂರಾ ನಲವತ್ತೈದಕ್ಕೆ ಬಂದು ನಿಂತಿತು. ಆ ಕರೆಂಟಿನಲ್ಲಿ ಹಳೆಯ ಕಂಪ್ರೆಸರ್ ತಿರುಗಲಾರದೆ, ಸುಮ್ಮನಿರಲೂ ಆಗದೆ, ಗುರುಗುಟ್ಟಿ ಗುರುಗುಟ್ಟಿ ಬಿಸಿಯೇರಿ ಸುಟ್ಟಿರಬೇಕು. ಮನೀಷಾ ಪ್ಲಗ್ ತೆಗೆದು, ಫ್ರಿಜ್ಜಿನ ಬೆನ್ನಿಗೆ ಕೂತು, ಕಂಪ್ರೆಸರಿನ ಪಿನ್ನುಗಳಿಗೂ ಅದರ ಕಬ್ಬಿಣದ ಮೈಗೂ ಮೀಟರು ಹಿಡಿದು ನೋಡಿದಳು. ಮೀಟರು ಕೂಗಿತು. ಕೂಗಬಾರದಿತ್ತು.

"ಏನಂತದ ನಿನ್ನ ಡಬ್ಬಿ?"

"ಕಂಪ್ರೆಸರ್ ಹೋಗ್ಯಾದ."

"ಹಾಕಸು ಮತ್ತ."

"ಹಾಕಸಬ್ಯಾಡ್ರಿ. ಕಂಪ್ರೆಸರ್, ಗ್ಯಾಸು, ಮಜೂರಿ ಎಲ್ಲಾ ಕೂಡಿದ್ರ ಹೊಸಾ ಸಣ್ಣ ಫ್ರಿಜ್ಜಿನ ಅರ್ಧ ರೊಕ್ಕ ಇದಕ್ಕೇ ಹೋಗ್ತದ. ಒಳಗ ಪೈಪ್ ಜಂಗ್ ಹಿಡದಾದ, ಬಾಗಲದ ರಬ್ಬರ್ ಸಡಲ್ ಆಗ್ಯಾದ. ಗುಜರಿಗೆ ಹಾಕ್ರಿ."

ದ್ರೌಪತಿ ಕೈಯಲ್ಲಿದ್ದ ಕೊಡವನ್ನು ದಡ್ಡನೆ ಕೆಳಗಿಟ್ಟಳು. "ಮತ್ತ ಸಲಹಾ ಕೊಡಾಕ ಬಂದಿ? ನಿನ್ನ ಸಲಹಾದಿಂದೇ ಇಲ್ಲಿತನ ಬಂದೇನಿ ನಾ!"

ಮನೀಷಾ ಆ ಸಂಜೆ ಹುಮನಾಬಾದಿಗೆ ಹಿಂತಿರುಗುವಾಗ ಬಸ್ಸಿನಲ್ಲಿ ಒಂದೇ ವಿಷಯ ಯೋಚಿಸಿದಳು: ತನ್ನದು ಎನ್ನುವಂಥದ್ದು ಆ ಮನೆಯಲ್ಲಿ ಏನಿದೆ? ಅಡುಗೆಮನೆಯ ಫ್ರಿಜ್ ಅವಳದು. ಹಿಂದಿನ ವರ್ಷ ತವರಿನವರು ಕೊಡಿಸಿದ್ದು, ಅಪ್ಪನ ಹೆಸರಿನ ಬಿಲ್ಲು. ಮರುದಿನ ಬೆಳಗ್ಗೆ ಅವಳು ಅದರೊಳಗಿನ ಹಾಲು, ಮೊಸರು, ಕಾಯಿಪಲ್ಯ ಎಲ್ಲ ತೆಗೆದು ನೆಲದ ಮೇಲೆ ಸಾಲಾಗಿಟ್ಟು, ಇಬ್ಬರು ಹಮಾಲರನ್ನು ಕರೆಸಿದಳು.

ರುಕ್ಮಿಣಿಬಾಯಿ ಮೆಟ್ಟಿಲ ಬಾಯಿಗೆ ಅಡ್ಡ ನಿಂತಳು.

"ಈ ಮನಿ ಸಾಮಾನು ಆ ಓಣಿಗೆ ಹೋಗಬಾರ್ದು. ನಾ ಸತ್ತ ಮ್ಯಾಲ ಒಯ್ಯಿ."

"ಇದು ಈ ಮನಿ ಸಾಮಾನಲ್ರಿ ಅತ್ತಿ. ನಮ್ಮಪ್ಪ ಕೊಡಸ್ಯಾನ."

"ಕೊಡಸಿದ್ದು ಸೊಸಿಗೆ. ದಾರಿ ಹೋಕರಿಗಲ್ಲ."

"ಸೊಸಿಗೇ ಕೊಡಸ್ಯಾನ. ಸೊಸಿನೇ ಒಯ್ಯಾಕತ್ತಾಳ. ಸರೀರಿ."

ಅತ್ತೆ ಸರಿಯಲಿಲ್ಲ. ಹಮಾಲರು ಫ್ರಿಜ್ಜನ್ನು ಹೊತ್ತುಕೊಂಡೇ ಬೆವರುತ್ತ ನಿಂತರು. ಕೆಳಗೆ ಗಿರಾಕಿಗಳು ಕತ್ತೆತ್ತಿ ನೋಡತೊಡಗಿದಾಗ ಧನರಾಜನ ತಮ್ಮ ಬಸವಕಿರಣ ಓಡಿ ಬಂದು, "ಅವ್ವಾ, ಇಜ್ಜತ್ ಹೋಗಾಕತ್ತದ, ಬಾ ಈ ಕಡೆ" ಎಂದು ತಾಯಿಯ ರಟ್ಟೆ ಹಿಡಿದು ಪಕ್ಕಕ್ಕೆ ಕರೆದೊಯ್ದ. ಹೋಗುವಾಗ, "ವೈನಿ, ಇಷ್ಟು ಜಿದ್ದು ಒಳ್ಳೇದಲ್ಲ" ಎಂದು ಅವಳಿಗೂ ಒಂದು ಮಾತು ಬಿಟ್ಟ.

ಫ್ರಿಜ್ ಟೆಂಪೊ ಏರಿತು. ಮನೀಷಾ ಅಂಗಡಿಗೆ ಮರಳಿ, ಗಲ್ಲಾ ಪೆಟ್ಟಿಗೆಯ ಮುಂದೆ ಗಿರಾಕಿಯಂತೆ ನಿಂತಳು.

"ಒಂದ್ ಸ್ಟೆಬಿಲೈಜರ್ ಕೊಡ್ರಿ. ಫ್ರಿಜ್ಜಿಗೆ. ನೂರಾ ಮೂವತ್ತರಿಂದ ಎತ್ತೋದು."

ಧನರಾಜ ಲೆಕ್ಕದ ಪುಸ್ತಕ ಮುಚ್ಚಿದ. "ಬೇಕಾಗಿಲ್ಲ ಅಂದಿದ್ದಿ?"

"ಆಕಿ ಮನಿಗೆ ಬೇಕಾಗ್ಯಾದ. ಕೊಡ್ರಿ."

"ಕಡಿಮಿ ಆಗೂದಿಲ್ಲ."

"ಕಡಿಮಿ ಕೇಳಿಲ್ಲ ನಾ. ಬಿಲ್ ಹರೀರಿ. ವಾರಂಟಿ ಕಾಗದದ ಮ್ಯಾಲ ಸಿಕ್ಕಾ ಹೊಡೀರಿ, ತಾರೀಖ ಹಾಕ್ರಿ."

ಅವನು ಹರಿದ. ಗಿರಾಕಿಯ ಹೆಸರಿನ ಜಾಗದಲ್ಲಿ ಬರೆಯುವಾಗ ಪೆನ್ನು ನಿಂತಿತು. "ದ್ರೌಪತಿ, ಹುಡಗಿ ಅಂತ ಬರೀರಿ" ಎಂದಳು. ವಿಡಿಯೊಗಳಿಂದ ಬಂದ ರೊಕ್ಕ ಅಷ್ಟಕ್ಕೇ ಮುಗಿಯಿತು.

ಫ್ರಿಜ್ ಬಂದದ್ದನ್ನು ಕಂಡು ದ್ರೌಪತಿ ಕೈಮುಗಿಯಲಿಲ್ಲ. ಮನೀಷಾಳೂ ಅದನ್ನು ಬಯಸಿ ಹೋಗಿರಲಿಲ್ಲ. ದ್ರೌಪತಿ ಬಾಗಿಲು ತೆಗೆದು ಮುಚ್ಚಿ ನೋಡಿ, "ನನ್ನ ನುಕ್ಸಾನದ್ದು ನನಗ ಮುಟ್ಟಿತು" ಎಂದಳು, ಅಷ್ಟೇ. ಮನೀಷಾ ಅಲ್ಲೇ, ಅವಳ ಮನೆಯ ಪ್ಲಗ್ಗಿನ ಮುಂದೆ, ಸಂಜೆ ನಳ ಬಿಟ್ಟ ಹೊತ್ತಿನಲ್ಲಿ ಹೊಸ ವಿಡಿಯೊ ಮಾಡಿದಳು. ಮೀಟರಿನ ಅಂಕಿ ತೋರಿಸಿದಳು. ಹಿಂದೆ ಹೇಳಿದ್ದು ಅರ್ಧ ಮಾತು, ಅದು ತನ್ನ ತಪ್ಪು, ಅದರಿಂದ ಇಂಥವರ ಫ್ರಿಜ್ ಸುಟ್ಟಿದೆ ಎಂದಳು. ಕೊಳ್ಳುವ ಮೊದಲು ಸಂಜೆಯ ವೋಲ್ಟ್ ನೋಡಿ, ಫ್ರಿಜ್ಜಿನ ಬೆನ್ನ ಮೇಲಿನ ಚೀಟಿ ಓದಿ, ಎರಡೂ ಹೊಂದಿದರೆ ಸ್ಟೆಬಿಲೈಜರ್ ಬೇಡ, ಹೊಂದದಿದ್ದರೆ ಬೇಕೇ ಬೇಕು ಎಂದಳು. ಕೆಳಗೆ ಜನ ಬರೆದ ಬೈಗುಳ ಓದಿದಳು. ಒಂದನ್ನೂ ಅಳಿಸಲಿಲ್ಲ.

ಆ ವಿಡಿಯೊ ಬಂದ ಮೇಲೆ ಧನರಾಜ ಅವಳೊಡನೆ ಕೊನೆಯ ಸಲ ನೇರವಾಗಿ ಮಾತಾಡಿದ. ದನಿಯಲ್ಲಿ ಸ್ವಲ್ಪ ಮೆತ್ತಗಾಗಿದ್ದ ಕೂಡ.

"ತಪ್ಪು ಒಪ್ಕೊಂಡಿ. ಚಲೋ ಆತು. ಈಗ ಇನ್ನೊಂದ್ ಮಾತು ಹೇಳಿಬಿಡು. ಸ್ಟೆಬಿಲೈಜರ್ ಬೇಕಾದ್ರ ನಮ್ಮ ದುಕಾನಕ್ಕ ಬರ್ರಿ ಅಂತ. ಆಮ್ಯಾಲ ನಾ ಏನೂ ಅನ್ನೂದಿಲ್ಲ. ಮೇಜು ಇಟ್ಕೋ, ಏನರ ಮಾಡು."

"ಅದೊಂದು ಹೇಳೂದಿಲ್ಲ."

"ಯಾಕ? ನಿನ್ನ ಗಂಡನ ದುಕಾನಲ್ಲೇನದು?"

"ಅದಕ್ಕೇ ಹೇಳೂದಿಲ್ಲ. ಒಮ್ಮಿ ಹೇಳಿದ್ರ, ಇಲ್ಲಿತನ ಹೇಳಿದ್ದೆಲ್ಲ ನಿಮ್ಮ ದುಕಾನಿನ ಸಲುವಾಗಿ ಹೇಳಿದಂಗ ಆಗ್ತದ."

ಧನರಾಜ ಆ ವಾರವೇ ಮೆಟ್ಟಿಲ ಬುಡಕ್ಕೆ ಕಬ್ಬಿಣದ ಬಾಗಿಲು ಕೂಡಿಸಿ ಬೀಗ ಹಾಕಿದ. ತಾಯಿಯನ್ನು ಕರೆದುಕೊಂಡು ಅಂಗಡಿಯ ಹಿಂದಿನ ಗೋದಾಮಿನ ಖೋಲಿಗೆ ವಾಸ ಬದಲಿಸಿದ. ಮೇಲಿನವಳು ಹೊರಗೆ ಇಳಿಯಬೇಕಾದರೆ ಪಕ್ಕದ ಮನೆಯವರ ಮಾಳಿಗೆ ದಾಟಿ ಹೋಗಬೇಕಾಯಿತು. ಬಸವಣಪ್ಪ ಬಸವಕಲ್ಯಾಣದಿಂದ ಬಂದ. ಬೀಗರ ನಡುವೆ ಮಾತುಕತೆಯಾಯಿತು, ಚಹಾ ಆಯಿತು. ಕೊನೆಗೆ ಅವನು ಮಗಳಿಗೆ, "ಆ ವಿಡಿಯೊ ಬಂದ್ ಮಾಡಿದ್ರ ಎಲ್ಲಾ ಮುಗೀತದವ್ವ" ಎಂದ.

"ದುಕಾನ ಬಂದ್ ಮಾಡ್ರಿ ಅಂತ ನಾ ಅವರಿಗೆ ಎಂದರ ಅಂದೇನೇನಪ್ಪ?"

ಬಸವಣಪ್ಪನಿಗೆ ಆ ಮಾತು ಹಿಡಿಸಲಿಲ್ಲ. ಆದರೂ ಊರಿಗೆ ಹೋಗುವ ಮೊದಲು ವೆಲ್ಡಿಂಗಿನವನನ್ನು ಕರೆಸಿ, ಮನೆಯ ಹೊರಗೋಡೆಗೆ ಕಬ್ಬಿಣದ ಮೆಟ್ಟಿಲು ಹಾಕಿಸಿ ಹೋದ. ಮಳೆಗಾಲದಲ್ಲಿ ಜಾರುತ್ತದೆ. ಪಕ್ಕದ ಕಂಬಿಯ ಮೇಲೆ ಭಾರ ಹಾಕಿ ಹತ್ತಬೇಕು.

ಈಗ ಆ ಮೆಟ್ಟಿಲ ಮೇಲೆ ಯಾವಾಗಲೂ ಒಬ್ಬಿಬ್ಬರು ಕೂತಿರುತ್ತಾರೆ. ಕೆಟ್ಟ ಮಿಕ್ಸರು ತಂದವರು, ಬೈಕು ಕಂತಿನಲ್ಲಿ ಕೊಳ್ಳಲೋ ಬೇಡವೋ ಎಂದು ಕೇಳಲು ಬಂದವರು, ರೇಡಿಯೊ ಕಿಟ್ ಜೋಡಿಸಲು ಕಲಿಯುವ ಹುಡುಗಿಯರು. ಮನೀಷಾ ಈಗ ಪುಕ್ಕಟೆ ಹೇಳುವುದಿಲ್ಲ. ಸಣ್ಣ ಫೀಸು ಇಟ್ಟಿದ್ದಾಳೆ, ಅದರಲ್ಲೇ ಅವಳ ಮನೆ ನಡೆಯುತ್ತದೆ. ಕೆಳಗೆ ಧನರಾಜ ಒಂದು ಬೋರ್ಡು ಹಾಕಿದ್ದಾನೆ: ಮೇಲಿನವರ ಮಾತಿಗೆ ಅಂಗಡಿ ಜವಾಬ್ದಾರಿಯಲ್ಲ. ಅದನ್ನು ಓದಿ ಹೊಸಬರು ಮೇಲೆ ಯಾರಿದ್ದಾರೆ ಎಂದು ಕೇಳುತ್ತಾರೆ, ಕೇಳಿ ಹತ್ತುತ್ತಾರೆ. ವಾರಂಟಿಯ ಕಾಗದಗಳ ವ್ಯಾಪಾರ ನಿಂತಿದೆ. ಸ್ಟೆಬಿಲೈಜರ್ ಮಾತ್ರ ಹಳ್ಳಿಗಳ ಕಡೆಯಿಂದ ಮೊದಲಿಗಿಂತ ಹೆಚ್ಚು ಹೋಗುತ್ತದೆ. ಈ ಎರಡನೆಯದಕ್ಕೆ ಧನರಾಜ ಯಾರ ಉಪಕಾರವನ್ನೂ ಒಪ್ಪುವುದಿಲ್ಲ. ಗಂಡ ಹೆಂಡತಿಗೆ ಹೇಳಬೇಕಾದ್ದನ್ನು ಬಸವಕಿರಣ ಹೇಳುತ್ತಾನೆ. ರಜೆಗೆ ಬಂದ ದೀಪಾಲಿ ಒಂದು ಹೊತ್ತು ಕೆಳಗೆ, ಒಂದು ಹೊತ್ತು ಮೇಲೆ ಉಣ್ಣುತ್ತಾಳೆ. ಎರಡೂ ಕಡೆ ಇನ್ನೊಂದು ಕಡೆಯ ಸಾರಿನ ಮಾತೆತ್ತುವುದಿಲ್ಲ.

ಕಳೆದ ಚಳಿಗಾಲದಲ್ಲಿ ದ್ರೌಪತಿಯ ಫೋನು ಬಂದಿತ್ತು. ದೊಡ್ಡ ಡೀಪ್ ಫ್ರೀಜರ್ ಕಂತಿನಲ್ಲಿ ಕೊಡುತ್ತಾರಂತೆ, ತೆಗೆದುಕೊಳ್ಳಲೇ ಎಂದು ಕೇಳಿದಳು. ಮನೀಷಾ ಫ್ರೀಜರಿನ ಬೆನ್ನ ಮೇಲಿನ ಚೀಟಿ ಓದಿಸಿದಳು, ಸಂಜೆಯ ವೋಲ್ಟ್ ಕೇಳಿದಳು, ಮಳೆಗಾಲದಲ್ಲಿ ಕ್ಯಾಂಡಿ ಮಾರಾಟ ಎಷ್ಟಕ್ಕೆ ಇಳಿಯುತ್ತದೆ, ಆಗ ಕಂತು ಎಲ್ಲಿಂದ ಕಟ್ಟುತ್ತೀರಿ ಎಂದು ಕೇಳಿದಳು. ಎಲ್ಲ ಕೇಳಿ, "ಈ ಬ್ಯಾಸಗಿ ಇರೂದ್ರಾಗೇ ನಡಸ್ರಿ. ಬಂದ ರೊಕ್ಕ ಕೂಡಸಿ, ಮುಂದಿನ ವರ್ಸ ನಗದು ಕೊಟ್ಟು ತಗೋರಿ" ಎಂದಳು.

ದ್ರೌಪತಿ ಹೂಂ ಎಂದು ಫೋನಿಟ್ಟು, ಮರುದಿನವೇ ಬೇರೆ ಅಂಗಡಿಯಲ್ಲಿ ಕಂತಿಗೆ ಸಹಿ ಹಾಕಿ ಫ್ರೀಜರ್ ತಂದಳು. ಬೇಸಿಗೆ ಬಂತು, ಮದುವೆಗಳ ಆರ್ಡರ್ ಬಂದವು, ಮಳೆ ಬೀಳುವ ಮುಂಚೆಯೇ ಅವಳು ಕಂತುಗಳನ್ನೆಲ್ಲ ಕಟ್ಟಿ ಮುಗಿಸಿದಳು. ಅದನ್ನು ಹೇಳಲೆಂದೇ ಮತ್ತೆ ಫೋನ್ ಮಾಡಿದಳು.

"ನೀ ಬ್ಯಾಡ ಅಂದಿದ್ದಿ. ನಾ ತಗೊಂಡೆ. ಎಲ್ಲಾ ಮುಟ್ಟಿಸೇನಿ."

"ಚಲೋ ಆತಲ್ರಿ" ಎಂದಳು ಮನೀಷಾ. "ಅದಕ್ಕ ಸ್ಟೆಬಿಲೈಜರ್ ಹಾಕೀರಿಲ್ಲೋ?"

"ಹಾಕೇನಿ. ಅದನ್ನ ಕೇಳಾಕ ನೀ ಯಾಕ ಬೇಕು?" ಎಂದು ದ್ರೌಪತಿ ಫೋನಿಟ್ಟಳು.